ಗೌಜಲಹಕ್ಕಿ ಇದ್ದ ತಗಡು

ಮನೆಯಲ್ಲಿ ಹಳೇ ಜೋಡುನಳಿಗೆ ಬಂದೂಕು ಇದೆ ಎಂದು ಗೊತ್ತಾದರೆ ಸಾಕು, ಎಷ್ಟು ಹಂದಿ ಹೊಡೆದಿದ್ದೀರಿ ಎಂದು ಕೇಳುತ್ತಾರೆ. ನಾನು ಒಂದು ಇಲಿಯನ್ನೂ ಹೊಡೆದವನಲ್ಲ. ನನಗೆ ಬೇಕಾದದ್ದು ಅದರ ಮೇಲಿನ ಕೆತ್ತನೆ. ಹಾಗೆಂದರೆ ಕೇಳಿದವರು ನನ್ನ ಮುಖ ನೋಡಿ, ಪಕ್ಕದವರ ಮುಖ ನೋಡಿ ನಗುತ್ತಾರೆ. ದುರ್ಗದ ಕೋಟೆಯ ಕಲ್ಲುಗಳನ್ನು ನೋಡಲು ಬಸ್ಸು ಮಾಡಿಕೊಂಡು ಬರುತ್ತಾರಲ್ಲ, ಅವರನ್ನು ನೋಡಿ ಯಾರೂ ನಗುವುದಿಲ್ಲ. ಉಕ್ಕಿನ ಮೇಲೆ ಕೆತ್ತಿದ್ದಕ್ಕೆ ಮಾತ್ರ ನಗು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾನೂನಿನ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು. ಹಾಗಾಗಿ ನನ್ನ ಸಂಗ್ರಹವೆಲ್ಲ ಆ ಎರಡರಲ್ಲೇ ಮುಗಿಯಿತು. ಅವಕ್ಕಾಗಿ ಹೊಳಲ್ಕೆರೆ, ಚಿಕ್ಕಜಾಜೂರು, ಹಿರಿಯೂರು ಎಂದು ಸುತ್ತದ ಕಡೆಯಿಲ್ಲ. ಒಂದು ಮನೆಯಲ್ಲಿ ಬಂದೂಕಿನ ಹಿಡಿ ಮುರಿದು ಒಲೆಗೆ ಹಾಕಿದ್ದರು, ನಳಿಗೆಯನ್ನು ಬಾಗಿಲಿಗೆ ಅಗುಳಿ ಮಾಡಿಕೊಂಡಿದ್ದರು. ಕೊನೆಗೆ ಮಾರಿಕಣಿವೆ ಹತ್ತಿರದ ಒಂದು ಮನೆಯಲ್ಲಿ ಎರಡನೆಯದು, ಈ ಜೋಡುನಳಿಗೆಯದು, ಸಿಕ್ಕಿತು. ಲೈಸೆನ್ಸು ವರ್ಗಾಯಿಸಿಕೊಳ್ಳಲು ನನ್ನ ಚಪ್ಪಲಿ ಸವೆದವು, ಅದು ಇರಲಿ.

ಆ ಬಂದೂಕಿನ ಎರಡೂ ಮಗ್ಗುಲಿಗೆ ಅಂಗೈಗಿಂತ ಚಿಕ್ಕ ಉಕ್ಕಿನ ತಗಡು. ಎಡಗಡೆಯದರ ಮೇಲೆ ಹುಲ್ಲಿನಿಂದ ಎದ್ದು ಹಾರುವ ಎರಡು ಗೌಜಲಹಕ್ಕಿ, ಹಿಂದೆ ಮುಂಗಾಲೆತ್ತಿ ನಿಂತ ನಾಯಿ. ಹಕ್ಕಿಯ ಎದೆಯ ಚುಕ್ಕೆಗಳೂ ಇದ್ದವು. ಸಮುದ್ರದಾಚೆ ಯಾವನೋ ಕೂತು ಕೆತ್ತಿದ್ದು, ಆದರೆ ನಮ್ಮ ಹೊಸದುರ್ಗದ ಹೊಲದ ಬದುವಿನಿಂದ ಗೌಜಲು ಎದ್ದಾಗ ರೆಕ್ಕೆ ಹೇಗೆ ಬಡಿಯುತ್ತದೋ ಹಾಗೇ ಇತ್ತು. ಎಷ್ಟೋ ವರ್ಷದ ಕಪ್ಪು ಆ ಗೆರೆಗಳೊಳಗೆ ಕೂತಿತ್ತು. ಆ ಕಪ್ಪಿನಿಂದಲೇ ಚಿತ್ರ ಎದ್ದು ಕಾಣುತ್ತಿತ್ತು. ಅದು ಕೊಳೆಯಲ್ಲ, ಯಾರೂ ಮುಟ್ಟಬೇಡಿ ಎಂದು ಮನೆಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಈಚೆಗೆ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ಪೇಪರು ಓದಲಾಗದಿದ್ದರೆ ಮಗಳು ಓದಿ ಹೇಳುತ್ತಾಳೆ. ಹಕ್ಕಿಯನ್ನು ಯಾರು ಓದಿ ಹೇಳಬೇಕು? ಚುಕ್ಕೆಗಳು ಮೊದಲು ಹೋದವು, ಆಮೇಲೆ ನಾಯಿ, ಕೊನೆಗೆ ತಗಡಿನ ಮೇಲೆ ಹೊಗೆ ಕವಿದಂತೆ ಏನೋ ಒಂದು ಉಳಿಯಿತು. ಆಪರೇಷನ್ನಿಗೆ ಹೆದರುತ್ತಿದ್ದ ನಾನು ಆ ಹಕ್ಕಿಗಳಿಗಾಗಿಯೇ ಒಪ್ಪಿದೆ. ಮೊದಲು ಬಲಗಣ್ಣು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಧೂಳು ಆಗದೆಂದು ದುರ್ಗದಲ್ಲಿ ಮಗಳ ಮನೆಯಲ್ಲೇ ಉಳಿದೆ. ಆಯುಧಪೂಜೆ ಆ ನಡುವೆ ಬಂತು. ನನ್ನ ತಮ್ಮನಿಗೂ ಲೈಸೆನ್ಸು ಇದೆ, ಇಬ್ಬರ ಬಂದೂಕುಗಳಿಗೂ ಬೀರು ಒಂದೇ. ಪೂಜೆ ನೀನೇ ಮಾಡಪ್ಪ ಎಂದು ಫೋನಿನಲ್ಲಿ ಹೇಳಿದೆ.

ಊರಿಗೆ ಬಂದವನು ಕೈಕಾಲು ತೊಳೆದು ನೇರ ಬೀರುವಿನ ಬಳಿ ಹೋದೆ. ಬಂದೂಕಿಗೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಹಾರ. ಕಿಟಕಿಯ ಬಳಿ ಹಿಡಿದು ನೋಡಿದೆ. ತಗಡಿನ ಮೇಲೆ ಹಕ್ಕಿಗಳು ಕಾಣಲಿಲ್ಲ. ಆಪರೇಷನ್ ಕೆಟ್ಟಿತು ಎಂದುಕೊಂಡೆ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಹಿಂದಕ್ಕೆ ಚಾಚಿ, ಕಣ್ಣಿಗೆ ಔಷಧಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ದೇವರೇ, ಇದೊಂದನ್ನು ಮಾತ್ರ ಕೊಡು ಎಂದು ಬೇಡಿಕೊಂಡೆ. ಮತ್ತೆ ನೋಡಿದೆ. ಏನೂ ಇಲ್ಲ.

ಅಷ್ಟರಲ್ಲಿ ತಮ್ಮ ಬಂದು ಪಕ್ಕದಲ್ಲಿ ನಿಂತ. ಅವನ ಮುಖದಲ್ಲಿ ಹೆಮ್ಮೆ.

"ನೋಡಣ್ಣ, ಮುಖ ಕಾಣಂಗೆ ಮಾಡ್ಸೀನಿ. ಗೆರೆಯಾಗೆಲ್ಲ ಕರ್ರಗೆ ಕಿಲುಬು ಕುಂತಿತ್ತು. ಹಬ್ಬದಾಗೆ ಹಂಗೇ ಪೂಜೆಗೆ ಇಡಾಕಾಗ್ತೈತಾ?"

ಹಬ್ಬಕ್ಕೆ ನಮ್ಮ ಮನೆಯಲ್ಲಿ ಕುಡುಗೋಲಿನಿಂದ ಹಿಡಿದು ಈಳಿಗೆಮಣೆಯವರೆಗೆ ಕಬ್ಬಿಣದ್ದೆಲ್ಲ ಉಜ್ಜಿ ಥಳಥಳ ಮಾಡಬೇಕು. ಇವನು ಸ್ಕ್ರೂ ಬಿಚ್ಚಿ ಎರಡೂ ತಗಡನ್ನು ತೆಗೆದು, ದೇವರ ಮನೆಯ ದೀಪದ ಕಂಬಗಳ ಜೊತೆ ಗೇಟು ಮಾಡುವ ಅಂಗಡಿಗೆ ಒಯ್ದು, ಪಾಲಿಷ್ ಮಿಷನ್ನಿಗೆ ಕೊಡಿಸಿದ್ದ. ಕಪ್ಪು ಒಂದೇ ಸಲಕ್ಕೆ ಹೋಗಲಿಲ್ಲವಂತೆ. ಮತ್ತೆ ಮತ್ತೆ ಹಿಡಿಸಿದನಂತೆ.

ತಗಡನ್ನು ನೋಡಿದೆ. ಹಕ್ಕಿಗಳಿದ್ದ ಜಾಗದಲ್ಲಿ ನನ್ನ ಮುಖವಿತ್ತು. ಹುಬ್ಬಿನ ಬಿಳಿಕೂದಲು ಒಂದೊಂದೂ ಕಾಣುತ್ತಿತ್ತು. ನನ್ನ ಬಲಗಣ್ಣಿಗೆ ಏನೂ ಆಗಿರಲಿಲ್ಲ.

ನಾನು ಕೂಗಾಡಿದೆ. ನಿನಗೆ ಕಣ್ಣು ಕುರುಡಾಗಿತ್ತಾ ಎಂದೆ, ಇನ್ನೂ ಬರೆಯಬಾರದ್ದನ್ನೂ ಅಂದೆ. ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದು, ಸಿಟ್ಟು ಮಾಡ್ಕೋಬ್ಯಾಡ್ರಿ ಭಾವ, ಕಣ್ಣಿಗೆ ಒಳ್ಳೇದಲ್ಲ ಎಂದಳು. ನಿಜ, ಡಾಕ್ಟರು ಹಾಗೇ ಹೇಳಿದ್ದರು. ಬಗ್ಗಬಾರದು, ಕೂಗಬಾರದು, ಅಳಬಾರದು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆ ಬಂದೂಕಿನ ಫೋಟೋಕ್ಕೆ ನೆಂಟರೆಲ್ಲ ಕೈಮುಗಿದಿದ್ದರು. ಒಬ್ಬರಾದರೂ ಹಕ್ಕಿಗಳೆಲ್ಲಿ ಎಂದು ಕೇಳಿರಲಿಲ್ಲ. ಪೂಜೆ ಮಾಡಿದ್ದಕ್ಕೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರಾ ಎಂದು ಅವರೇ ಈಗ ನನಗೆ ಬುದ್ಧಿ ಹೇಳುತ್ತಾರೆ. ಭಕ್ತಿಯಿಂದ ಮಾಡಿದರೆ ಹಾಳು ಮಾಡಿದ್ದು ಹಾಳಲ್ಲವೇ?

ತಮ್ಮನ ಜೊತೆ ಮಾತು ಶುರುವಾಗಿದೆ, ಊಟಕ್ಕೆ ಬಾ ಎನ್ನುವಷ್ಟು. ಬೀರುವಿನ ಬೀಗದಕೈ ನನ್ನ ಉಡಿದಾರದಲ್ಲಿದೆ. ಎಡಗಣ್ಣಿಗೂ ಆಪರೇಷನ್ ಮಾಡಿಸಿಕೊಳ್ಳಿ ಎಂದು ಆಸ್ಪತ್ರೆಯಿಂದ ಫೋನು ಬರುತ್ತಲೇ ಇರುತ್ತದೆ. ಮಗಳೂ ಪೀಡಿಸುತ್ತಾಳೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ದಿನಾ ಮಧ್ಯಾಹ್ನ ಬಂದೂಕನ್ನು ಕಿಟಕಿಯ ಬಳಿ ಹಿಡಿದು, ಚೆನ್ನಾಗಿರುವ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಪೊರೆ ಇರುವ ಕಣ್ಣಿನಿಂದ ಆ ತಗಡನ್ನು ನೋಡುತ್ತೇನೆ. ಹೊಗೆ ಕವಿದಂತೆ ಕಾಣುತ್ತದೆ, ಮೊದಲಿದ್ದಂತೆಯೇ.