ಜೋಡಿ ಬಂಡೆಯಿಂದ ಮುಂದೆ ಬಸ್ಸು ಹೋಗುವುದಿಲ್ಲ

ನಮ್ಮ ಮಾವ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಆದರೆ ಬಸ್ಸಿನಿಂದ ಇನ್ನೂ ಇಳಿದಿಲ್ಲ. ಬೆಟ್ಟವನ್ನು ಸುತ್ತಿಕೊಂಡು ಆಚೆಯ ಊರಿಗೆ ಹೋಗಿ ಬರುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗಲೂ ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ನಿಂತು ಮಾತಾಡುತ್ತಿದ್ದರೆ, 'ಒಳಗೆ ಹೋಗಿ, ಒಳಗೆ ಜಾಗ ಇದೆ' ಅನ್ನುತ್ತಾರೆ. ಬಡಿಸುವಾಗ ಸಾಕು ಅನ್ನುವ ಪದ್ಧತಿ ಇಲ್ಲ, 'ಹೋಲ್ಡಾನ್' ಅನ್ನುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದು ತಮಾಷೆಯಾಗಿತ್ತು, ಆಮೇಲೆ ತಲೆನೋವಾಯಿತು, ಈಗ ಅಭ್ಯಾಸವಾಗಿದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅಂಥವಳನ್ನೂ ಪಳಗಿಸಿದರು ಅಂದರೆ ಆ ಮನುಷ್ಯನ ತಾಳ್ಮೆ ಎಂಥದ್ದು ಅಂತ ನೀವೇ ಲೆಕ್ಕ ಹಾಕಿ.

ಅವರ ನಾಯಿಯ ಹೆಸರು ಕ್ಲೀನರ್. ಕೊನೆಯ ದಿನದ ಡ್ಯೂಟಿ ಮುಗಿಸಿ, ಖಾಲಿ ಬಸ್ಸನ್ನು ಒಮ್ಮೆ ನೋಡಿ ಬರೋಣವೆಂದು ಹೋದಾಗ ಹಿಂದಿನ ಸೀಟಿನ ಕೆಳಗೆ ಕಂದು ಬಣ್ಣದ ಮರಿಯೊಂದು ಮಲಗಿತ್ತಂತೆ. 'ಟಿಕೆಟ್ ಇಲ್ದೆ ಬಂದಿದೀಯ, ಇನ್ನು ದುಡಿದು ತೀರಿಸು' ಅಂತ ಹೇಳಿ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದರು. ಕಂಡಕ್ಟರ್ ಇದ್ದ ಮೇಲೆ ಕ್ಲೀನರ್ ಬೇಡವೇ? ಹೆಸರಿಗೆ ಮಾತ್ರ ಕ್ಲೀನರ್, ಅದರಷ್ಟು ಕೊಳಕು ಪ್ರಾಣಿ ನಮ್ಮ ಬೀದಿಯಲ್ಲೇ ಇನ್ನೊಂದಿಲ್ಲ. ನಾನು ಒರೆಸಿದ ನೆಲದ ಮೇಲೆ ಅದರ ಕೆಸರುಗಾಲು ಬೀಳದ ದಿನವಿಲ್ಲ. ಬೈದರೆ ಒಂದು ಕಿವಿ ಎತ್ತಿ, ಒಂದು ಕಿವಿ ಇಳಿಸಿ, ಬೈದದ್ದು ತನಗಲ್ಲ ಎಂಬಂತೆ ತನ್ನ ಹಿಂದೆ ಯಾರಿದ್ದಾರೆ ಅಂತ ನೋಡುತ್ತದೆ.

ಮನೆಯ ಹಿಂದಿನ ಓಣಿ ಮುಗಿದ ಕಡೆ ಬೆಟ್ಟ ಶುರು. ಮಾವ ಬೆಳಗಿನ ಕಾಫಿ ಮುಗಿಸಿ, ಕೊಡೆ ಹಿಡಿದು, ಕ್ಲೀನರ್‌ನನ್ನು ಕರೆದುಕೊಂಡು ದಿನವೂ ಹತ್ತುತ್ತಾರೆ. ಅವರ ಬೆಟ್ಟಕ್ಕೂ ಸ್ಟಾಪುಗಳಿವೆ. ಓಣಿಯ ಕೊನೆಯ ಮುರುಕು ಗೇಟು ಮೊದಲನೆಯದು, ನೀರಿನ ಟ್ಯಾಂಕು ಎರಡನೆಯದು, ಒಂದಕ್ಕೊಂದು ಒರಗಿ ನಿಂತ ಜೋಡಿ ಬಂಡೆ ಮೂರನೆಯದು, ಬೆಟ್ಟದ ತುದಿ ಲಾಸ್ಟ್ ಸ್ಟಾಪು. ಪ್ರತಿ ಸ್ಟಾಪಿನಲ್ಲೂ ಮಾವ 'ಹೋಲ್ಡಾನ್' ಅಂದರೆ ನಾಯಿ ಕುಕ್ಕರಿಸುತ್ತದೆ. ಮಾವ ಆಕಾಶ ನೋಡುತ್ತಾರೆ, ಗಾಳಿ ನೋಡುತ್ತಾರೆ, ಆಮೇಲೆ 'ರೈಟ್' ಅನ್ನುತ್ತಾರೆ. ಆ ಮಾತು ಬೀಳುವವರೆಗೆ ಮುಂದೆ ಬೆಕ್ಕೇ ಓಡಿಹೋಗಲಿ, ಕ್ಲೀನರ್ ಅಲ್ಲಾಡುವುದಿಲ್ಲ.

ಜೋಡಿ ಬಂಡೆಯ ಕಾನೂನು ಮಾತ್ರ ಬೇರೆ. ಅಲ್ಲಿಂದ ಮುಂದೆ ದಾರಿ ಕಿರಿದು, ಒಂದು ಪಕ್ಕ ಪ್ರಪಾತ. ಬಂಡೆಯ ಹತ್ತಿರ ನಿಂತು ನೋಡಿದಾಗ ತುದಿ ಕಂಡರೆ ರೈಟ್, ಕಾಣದಿದ್ದರೆ ಬಸ್ಸು ವಾಪಸ್. ಇದಕ್ಕೆ ಯಾವ ದಿನವೂ ರಿಯಾಯಿತಿ ಇಲ್ಲ. ನಮ್ಮ ಬೆಟ್ಟದ ಹವೆಯನ್ನು ನಂಬುವುದೂ ಒಂದೇ, ನಮ್ಮ ಯಜಮಾನರು 'ಐದೇ ನಿಮಿಷ, ಬಂದೆ' ಅನ್ನುವುದನ್ನು ನಂಬುವುದೂ ಒಂದೇ. ಗೇಟಿನಲ್ಲಿ ಬಿಸಿಲಿದ್ದರೆ ಟ್ಯಾಂಕಿನಲ್ಲಿ ತುಂತುರು, ಟ್ಯಾಂಕಿನಲ್ಲಿ ತುಂತುರಿದ್ದರೆ ಬಂಡೆಯಲ್ಲಿ ಕೊಡೆ ತಿರುಚುವ ಗಾಳಿ.

ಇಷ್ಟೆಲ್ಲ ಹತ್ತಿ ಇಳಿದು ಬಂದ ಮಾವನನ್ನು ಅತ್ತೆ ಹೊಲಿಗೆ ಯಂತ್ರದ ಮುಂದಿನಿಂದಲೇ ವಿಚಾರಿಸಿಕೊಳ್ಳುತ್ತಿದ್ದರು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದು ಅವರ ಕೆಲಸ. ಮುಂದಿನ ಕೋಣೆಯ ತುಂಬ ನೀಲಿ ಬಟ್ಟೆಯ ರಾಶಿ, ನೆಲದ ತುಂಬ ದಾರದ ತುಂಡು.

"ಏನು ಕಂಡ್ತು ಇವತ್ತು? ಕಲ್ಲಾ?"

"ಕಲ್ಲೇ."

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅದನ್ನ ಹತ್ರದಿಂದ ನೋಡೋಕೆ ದಿನಾ ಚಪ್ಪಲಿ ಸವೆಸ್ತಾರೆ," ಅಂತ ನನಗೆ ಹೇಳಿ ಮತ್ತೆ ಪೆಡಲ್ ತುಳಿಯುತ್ತಿದ್ದರು. ಒಂದು ದಿನವೂ ಆ ಬೆಟ್ಟ ಹತ್ತಿದವರಲ್ಲ.

ಪೆಡಲ್ ತುಳಿದು ತುಳಿದು ಅತ್ತೆಯ ಬಲಮಂಡಿ ಸವೆಯಿತು. ಮದ್ದು, ಎಣ್ಣೆ, ಶಾಖ ಎಲ್ಲ ಆಗಿ ಕೊನೆಗೆ ಆಪರೇಷನ್ ಅಂತ ತೀರ್ಮಾನವಾಯಿತು. ಡಾಕ್ಟರು ಒಳ್ಳೆಯವರು, ನಿಧಾನವಾಗಿ ಬಿಡಿಸಿ ಹೇಳಿದರು: "ಆಮೇಲೆ ಸಮತಟ್ಟು ಜಾಗದಲ್ಲಿ ಆರಾಮಾಗಿ ನಡೀಬಹುದು. ಬೆಟ್ಟ ಗುಡ್ಡ ಮಾತ್ರ ಬೇಡಮ್ಮ."

ಸರಿ ಅಂದು ಮನೆಗೆ ಬಂದೆವು. ಅವತ್ತು ಊಟಕ್ಕೆ ಕೂತಾಗ ಅತ್ತೆ, ತಟ್ಟೆ ನೋಡಿಕೊಂಡೇ ಹೇಳಿದರು: "ಆಪರೇಷನ್‌ಗೆ ಮುಂಚೆ ಒಂದ್ಸಲ ನಾನು ಮೇಲೆ ಹೋಗಬೇಕು."

ಮಾವನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಎಲ್ಲಿಗೆ?"

"ಬೆಟ್ಟಕ್ಕೆ. ತುದೀಲಿ ನಿಂತ್ರೆ ಈ ಕಡೆ ನಮ್ಮ ಮನೆ, ಆ ಕಡೆ ನನ್ನ ತವರುಮನೆ, ಎರಡೂ ಕಾಣುತ್ತೆ ಅಂತ ನೀವೇ ಹೇಳಿದ್ರಲ್ಲ, ಮದುವೆಗೆ ಮುಂಚೆ. ಬಸ್ಸಲ್ಲಿ."

ಹೌದು, ಅತ್ತೆಯ ತವರು ಬೆಟ್ಟದ ಆಚೆಯ ಊರು. ಆ ಬಸ್ಸಿನಲ್ಲೇ ಓಡಾಡುತ್ತಿದ್ದ ಹುಡುಗಿಗೆ ಕಂಡಕ್ಟರು ಚಿಲ್ಲರೆ ಕೊಡುವ ನೆಪದಲ್ಲಿ ಏನೇನು ಹೇಳಿದ್ದರೋ. ಆಮೇಲೆ ಮಾವನಿಗೆ ರಜೆ ಸಿಕ್ಕ ದಿನ ಅತ್ತೆಗೆ ಹೊಲಿಗೆ, ಅತ್ತೆಗೆ ಬಿಡುವಾದ ದಿನ ಮಾವನಿಗೆ ಡ್ಯೂಟಿ. ಮಾವ ನಿವೃತ್ತರಾಗುವ ಹೊತ್ತಿಗೆ ಮಂಡಿ ನೋವು ಶುರುವಾಗಿತ್ತು. ಹೋಗಬೇಕೆಂಬ ಆಸೆಯನ್ನು ಒಳಗೇ ಇಟ್ಟುಕೊಂಡು, ಇಷ್ಟು ವರ್ಷ ಕಲ್ಲು ಕಲ್ಲು ಅಂತ ಅಣಕಿಸಿದ್ದರು ನಮ್ಮತ್ತೆ. ನನಗೆ ನಗು ಬಂತು. ಡಾಕ್ಟರನ್ನು ಕೇಳೋಣವೇ ಅಂದೆ. "ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳೋದು ಬೇಡ," ಅಂದರು ಅತ್ತೆ.

ಭಾನುವಾರ ಹೊರಟೆವು. ಮಂಗಳವಾರ ಆಪರೇಷನ್. ಅಂದರೆ ಇದು ಬಿಟ್ಟರೆ ಇನ್ನೊಂದು ದಿನವಿಲ್ಲ. ಮುಂದೆ ಕ್ಲೀನರ್, ಅದರ ಹಿಂದೆ ಮಾವ, ಕೋಲು ಹಿಡಿದ ಅತ್ತೆ, ಚೀಲ ಹೊತ್ತ ನಾನು. ನಮ್ಮವರದು ಪಂಪು ರಿಪೇರಿ ಕೆಲಸ, ಅವತ್ತೇ ಯಾರದೋ ಮನೆಯ ಪಂಪು ಕೆಟ್ಟಿತ್ತು, ಐದೇ ನಿಮಿಷ ಬಂದೆ ಅಂತ ಹೋದವರು ಹೋದರು.

ಗೇಟಿನಲ್ಲಿ ಎಳೆಬಿಸಿಲು. ಅತ್ತೆ ಹುರುಪಿನಲ್ಲಿದ್ದರು. ಟ್ಯಾಂಕಿನ ಹತ್ತಿರ ತುಂತುರು ಹನಿ, ಕೊಡೆ ಬಿಚ್ಚುವಷ್ಟರಲ್ಲಿ ನಿಂತಿತು, ಮಡಿಸುವಷ್ಟರಲ್ಲಿ ಮತ್ತೆ ಬಂತು. "ಈ ಬೆಟ್ಟಕ್ಕೆ ಬುದ್ಧಿ ಹೇಳೋರು ಯಾರೂ ಇಲ್ವಾ," ಅಂತ ಅತ್ತೆ ಬೈದರು. ಮಂಡಿ ನೋಯುತ್ತಿದೆಯೇ ಅಂದರೆ ನನ್ನ ಮೇಲೆ ರೇಗಿದರು. ಇಷ್ಟಿಷ್ಟೇ ನಡೆದು, ಕೂತು, ಎದ್ದು, ಕೂತು, ಅಂತೂ ಜೋಡಿ ಬಂಡೆ ಮುಟ್ಟಿದೆವು.

"ಹೋಲ್ಡಾನ್," ಅಂದರು ಮಾವ. ಕ್ಲೀನರ್ ಕೂತಿತು. ಮೇಲೆ ನೋಡಿದರೆ ತುದಿ ಇರಬೇಕಾದ ಕಡೆ ಏನೂ ಇಲ್ಲ. ಮೋಡ ಬಂದು ಕೂತುಬಿಟ್ಟಿತ್ತು, ಬಂಡೆಯಾಚೆಗಿನ ದಾರಿಯೂ ಕಾಣದಷ್ಟು.

ಕಾದೆವು. ಗಾಳಿ ಎದ್ದಿತು, ಮೋಡ ಚದುರಲಿಲ್ಲ. ಆಲಿಕಲ್ಲು ಉದುರಿತು. ಮಾವ ತಮ್ಮ ಕೋಟು ಬಿಚ್ಚಿ ಅತ್ತೆಗೆ ಹೊದಿಸಿ, ಕೊಡೆಯನ್ನೂ ಅವರ ಮೇಲೇ ಹಿಡಿದು ನಿಂತರು. ಆಲಿಕಲ್ಲು ನಿಂತ ಮೇಲೆ ಅತ್ತೆ ಅಂದರು: "ರೀ, ಕಣ್ಣಿಗೆ ಕಾಣ್ತಿಲ್ಲ ಅಷ್ಟೇ. ತುದಿ ಎಲ್ಲಿಗೂ ಓಡಿ ಹೋಗಿಲ್ಲ. ನಡೀರಿ."

"ಕಾಣದಿರೋ ದಾರೀಲಿ ನಾನು ಯಾವತ್ತೂ ರೈಟ್ ಹೇಳಿಲ್ಲ ಕಣೇ."

"ಇವತ್ತೊಂದಿನ ಹೇಳಿ."

ಮಾವ ಮೋಡವನ್ನು ನೋಡಿದರು. ಅತ್ತೆಯ ಮಂಡಿಯನ್ನು ನೋಡಿದರು. ಬಾಯಿ ತೆರೆದರು, ಹೇಳೇಬಿಡುತ್ತಾರೆ ಅಂದುಕೊಂಡೆ. ಬಾಯಿ ಮುಚ್ಚಿದರು. ಆಮೇಲೆ ಬಹಳ ಮೆಲ್ಲಗೆ, "ವಾಪಸ್," ಅಂದರು.

ಅತ್ತೆ ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ. ಎದ್ದು ಕೋಲೂರಿ ಇಳಿದರು. ಗೇಟಿಗೆ ಬರುವ ಹೊತ್ತಿಗೆ ಓಣಿಯಲ್ಲಿ ರಣಬಿಸಿಲು, ತುದಿ ಮಾತ್ರ ಮುಸುಕೆಳೆದುಕೊಂಡೇ ಇತ್ತು. ನಾನು ಆ ಬೆಟ್ಟಕ್ಕೆ ಬಾಯಿಗೆ ಬಂದಂತೆ ಬೈದೆ. ಅವತ್ತು ಬಡಿಸುವಾಗ ಮಾವ ಹೋಲ್ಡಾನ್ ಅನ್ನಲಿಲ್ಲ. ನಾನು ಬಡಿಸುತ್ತಲೇ ಹೋದೆ, ಅವರು ತಿನ್ನುತ್ತಲೇ ಹೋದರು, ಕೊನೆಗೆ ಅತ್ತೆಯೇ ನನ್ನ ಕೈ ಹಿಡಿದು ನಿಲ್ಲಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಅತ್ತೆಯನ್ನು ನಡೆಸುವ ಕೆಲಸ ಮಾವನದು. ಮಂಚದಿಂದ ಹೊಲಿಗೆ ಯಂತ್ರದವರೆಗೆ ಒಂದು ಸ್ಟಾಪು, ಅಲ್ಲಿಂದ ಅಡುಗೆಮನೆ ಬಾಗಿಲಿಗೆ ಇನ್ನೊಂದು. "ಹೋಲ್ಡಾನ್" ಅಂದರೆ ಅತ್ತೆಯೂ ನಿಲ್ಲಬೇಕು, ಪಕ್ಕದಲ್ಲಿ ಕ್ಲೀನರ್ ಕೂಡ ಕೂರಬೇಕು. "ನನ್ನನ್ನೂ ಈ ನಾಯೀನೂ ಒಂದೇ ತಕ್ಕಡೀಲಿ ತೂಗ್ತಾರೆ ನೋಡು," ಅಂತ ಅತ್ತೆ ಗೊಣಗುತ್ತಿದ್ದರು. ಆದರೂ 'ರೈಟ್' ಅನ್ನುವವರೆಗೆ ಕಾಲು ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಮಾವ ಮತ್ತೆ ಬೆಟ್ಟಕ್ಕೆ ಹೋಗಲು ಶುರುಮಾಡಿದ್ದರು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆಯಿದ್ದ ಒಂದು ದಿನ ನಾನೂ ಜೊತೆಗೆ ಹೊರಟೆ. ಅಷ್ಟು ತಿಳಿಯಾದ ದಿನ ವರ್ಷಕ್ಕೊಂದು ಸಿಕ್ಕಿದರೆ ಪುಣ್ಯ. ಆಕಾಶ ತೊಳೆದಿಟ್ಟ ಹಾಗಿತ್ತು. ಜೋಡಿ ಬಂಡೆಯಲ್ಲಿ ನಿಂತರೆ ತುದಿಯ ಹುಲ್ಲೂ ಎಣಿಸಬಹುದು. "ಹೋಲ್ಡಾನ್," ಅಂದರು ಮಾವ. ಕ್ಲೀನರ್ ಕೂತಿತು, ಆದರೆ ತುದಿಯ ಕಡೆಗಲ್ಲ, ಮನೆಯ ಕಡೆ ಮುಖ ಮಾಡಿ. ಮಾವ ಸ್ವಲ್ಪ ಹೊತ್ತು ಕೂತು ಕೊಡೆ ಎತ್ತಿಕೊಂಡರು. "ನಡಿಯಮ್ಮ, ವಾಪಸ್."

"ಇದೇನು ಮಾವ? ತುದಿ ಕಣ್ಣಿಗೆ ಹೊಡೀತಾ ಇದೆ."

"ಬಸ್ಸು ಇಲ್ಲೀವರೆಗೇ."

"ಯಾವಾಗಿಂದ?"

"ಆವತ್ತಿಂದ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಬಂತು. ಅಷ್ಟು ಪ್ರೀತಿಯ ಜಾಗವನ್ನು ಹೀಗೆ ಬಿಟ್ಟುಬಿಡುವುದೇ, ಇದು ಯಾವ ಸೀಮೆಯ ಹಟ ಅಂತ ದಬಾಯಿಸಿದೆ. ಮಾವ ನಾಯಿಯ ಕಿವಿ ಸವರುತ್ತಾ ಹೇಳಿದರು: "ಅವಳು ನೋಡಬೇಕು ಅಂದಿದ್ದನ್ನ ನಾನೊಬ್ಬನೇ ದಿನಾ ನೋಡ್ಕೊಂಡು ಬಂದು, ಊಟಕ್ಕೆ ಕೂತಾಗ ಅವಳ ಮುಖ ಹೇಗಮ್ಮ ನೋಡ್ಲಿ? ವಾಪಸ್ ಅಂದಿದ್ದು ನಾನೇ ಅಲ್ವಾ." ನಾನು ಹಿಂದೆಯೇ ಇಳಿದೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಾವ ಹಿತ್ತಲಲ್ಲಿ ಕ್ಲೀನರ್‌ನ ಕಾಲು ತೊಳೆಯುತ್ತಿದ್ದಾಗ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಗುಂಡಿಗೆ ಕಾಜಾ ಹಾಕುತ್ತಿದ್ದ ಅಂಗಿಯನ್ನು ಅತ್ತೆ ತೊಡೆಯ ಮೇಲಿಟ್ಟರು. "ಹಾಗಂದ್ರಾ?" ಅಂದರು. ಎದ್ದು, ನೇರ ಹಿತ್ತಲಿಗೆ ಹೋದರು. ಕೋಲು ಕುರ್ಚಿಗೆ ಒರಗಿಕೊಂಡೇ ಇತ್ತು. ನಾನು ಕೋಲು ಹಿಡಿದು ಹಿಂದೆ ಓಡಿದೆ.

"ಏನ್ರೀ, ತವರಲ್ಲಿ ನನ್ನ ತಮ್ಮ ಮನೆ ಮೇಲಿನ ತಗಡಿಗೆ ನೀಲಿ ಬಣ್ಣ ಹೊಡೆದಿದೀನಿ ಅಂತ ಫೋನಲ್ಲಿ ಕೊಚ್ಚಿಕೊಳ್ತಿದಾನೆ. ಅವನು ಬ್ರಷ್ ಮುಟ್ಟಿರೋದೇ ಸುಳ್ಳು. ನಾಳೆ ತುದಿಗೆ ಹೋಗಿ ನೋಡ್ಕೊಂಡು ಬನ್ನಿ."

ಮಾವ ಮಾತು ಕೇಳುತ್ತಿರಲಿಲ್ಲ. ಕೋಲಿಲ್ಲದೆ ನಿಂತ ಅತ್ತೆಯ ಕಾಲನ್ನೇ ನೋಡುತ್ತಿದ್ದರು. "ನಾನೊಬ್ಬನೇ ಹೋಗಲ್ಲ," ಅಂದರು.

"ಒಬ್ಬರೇ ಯಾಕೆ? ನಾನೂ ಗೇಟಿನವರೆಗೆ ಬರ್ತೀನಿ. ಓಣಿ ಸಮತಟ್ಟಾಗೇ ಇದೆ, ಡಾಕ್ಟರು ಬೇಡ ಅಂದಿರೋದು ಬೆಟ್ಟ. ಅಲ್ಲೇ ಕೂತು ಗುಂಡಿ ಹೊಲೀತಿರ್ತೀನಿ. ನೀವು ನೋಡಿ, ಇಳಿದು, ಅಲ್ಲೇ ಹೇಳಿ. ಮನೇಗೆ ಬರೋಷ್ಟರಲ್ಲಿ ನಿಮ್ಮ ಸುದ್ದಿ ಆರಿಹೋಗಿರುತ್ತೆ."

ಮಾರನೆಯ ದಿನ ಗೇಟಿನ ಪಕ್ಕ ಮಡಚುವ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ. ತೊಡೆಯ ಮೇಲೆ ಯೂನಿಫಾರಂ ಗಂಟು, ಮೈಮೇಲೆ ಹಳೆಯ ಹಳದಿ ಸ್ವೆಟರು. ಮಾವ ಹೊರಟರು. ಟ್ಯಾಂಕಿನ ಹತ್ತಿರ ಒಂದು ಮೋಡ ಅಡ್ಡ ಬಂತು, ಅತ್ತೆ ಸೂಜಿ ನಿಲ್ಲಿಸಿ ಅದನ್ನೇ ದುರುಗುಟ್ಟಿಕೊಂಡು ನೋಡಿದರು. ಅದು ಹೆದರಿತೋ ಏನೋ, ಸರಿದುಹೋಯಿತು. ಜೋಡಿ ಬಂಡೆಯಲ್ಲಿ ಎರಡು ಚುಕ್ಕೆ ನಿಂತವು, ಒಂದು ದೊಡ್ಡದು, ಒಂದು ಚಿಕ್ಕದು. ನಿಂತೇ ಇದ್ದವು. ಅತ್ತೆ ಗುಂಡಿಯ ಮೇಲೆ ಗುಂಡಿ ಹೊಲಿದರು, ನಾನು ಉಗುರು ಕಚ್ಚಿದೆ. ಆಮೇಲೆ ಚಿಕ್ಕ ಚುಕ್ಕೆ ಮೇಲಕ್ಕೆ ಓಡಿತು.

"ಹೇಳಿದ್ರು, ಅತ್ತೆ. ರೈಟ್ ಹೇಳಿದ್ರು," ಅಂದೆ.

"ನನಗೂ ಕಣ್ಣಿದೆ," ಅಂದರು ಅತ್ತೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

ಯಾವತ್ತೂ ಅವಸರ ಮಾಡದ ಮಾವ ಅವತ್ತು ಇಳಿಯುವಾಗ ಹೆಚ್ಚುಕಮ್ಮಿ ಓಡಿಕೊಂಡೇ ಬಂದರು. ಕ್ಲೀನರ್ ಮೊದಲು ಬಂದು ಕೆಸರುಗಾಲನ್ನು ನೇರ ಯೂನಿಫಾರಂ ಮೇಲೆ ಇಟ್ಟಿತು. ಆ ಹೊತ್ತಿನಲ್ಲಿ ಅದನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ.

"ತಗಡು ತುಕ್ಕು ಹಿಡಿದು ಕೆಂಪಗಿದೆ," ಅಂದರು ಮಾವ, ಏದುಸಿರು ಬಿಡುತ್ತಾ. "ನೀಲಿಯೂ ಇಲ್ಲ, ಗೀಲಿಯೂ ಇಲ್ಲ."

"ನಾನು ಹೇಳ್ಲಿಲ್ವಾ. ಹುಟ್ಟು ಸುಳ್ಳ ಅವನು." ಅತ್ತೆಗೆ ಪರಮ ಸಂತೋಷವಾಯಿತು. "ಇನ್ನೇನು ಕಂಡ್ತು?"

"ಈ ಕಡೆ ನಮ್ಮನೆ. ಆ ಕಡೆ ನಿಮ್ಮನೆ." ಮಾವ ಗೇಟಿನ ಕಂಬ ಹಿಡಿದು ಉಸಿರು ಎಳೆದುಕೊಂಡರು. "ಇಷ್ಟು ವರ್ಷ ಹೋದಾಗಲೆಲ್ಲ ಆ ಎರಡೇ ಕಾಣ್ತಿತ್ತು. ಇವತ್ತು ಕೆಳಗೆ ನೋಡ್ತೀನಿ, ಗೇಟಿನ ಹತ್ರ ಹಳದಿ ಸ್ವೆಟರ್. ಆಮೇಲೆ ಮನೆ ಕಡೆ ನೋಡೋದೇ ಮರೆತುಹೋಯ್ತು ಕಣೇ."

ಅತ್ತೆ ತಲೆ ತಗ್ಗಿಸಿ ಸ್ವೆಟರಿನ ತೋಳನ್ನು ಎಳೆದುಕೊಂಡರು. ಮೊಣಕೈ ಹತ್ತಿರ ಒಂದು ತೂತಿತ್ತು, ಅದನ್ನು ಬೆರಳಿನಿಂದ ಮುಚ್ಚಿದರು.

"ಅಲ್ಲಿಂದ ಕಾಣುತ್ತೆ ಅಂತ ಮೊದಲೇ ಹೇಳಬಾರದಿತ್ತಾ? ನಾಳೆ ಒಳ್ಳೇದನ್ನ ಹಾಕ್ಕೊಂಡು ಬರ್ತೀನಿ," ಅಂದರು.