ಕತ್ತಿನ ಮೂಳೆ

ನಾನು ನಿಂತಿದ್ದದ್ದು ಉಕ್ಕಿನ ತಟ್ಟೆಯ ಎಡಬದಿಯಲ್ಲಿ, ಪಾದಗಳಿದ್ದ ಕಡೆ. ಟೋಕಿಯೋದ ಒಂದು ಚಿತಾಗಾರದ ಒಳಕೋಣೆ. ಮೂರು ವರ್ಷದ ಹಿಂದಿನ ನವೆಂಬರ್, ಮಂಗಳವಾರ, ಹಗಲು ಹನ್ನೊಂದೂ ನಲವತ್ತು. ಗೋಡೆಯ ಗಡಿಯಾರವನ್ನು ನೋಡಿದ್ದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಮರೆತಿದ್ದೆ ಎಂದಲ್ಲ. ಆದರೆ ಹೋದ ಭಾನುವಾರ ಅದು ಮತ್ತೆ ಎದುರಿಗೆ ಬಂದು ನಿಂತಿತು. ಶಿನಾಗಾವಾದ ಒಂದು ಹೋಟೆಲು, ಕಾದ ಎಣ್ಣೆಯ ವಾಸನೆ, ತಟ್ಟೆಯಲ್ಲಿ ಕೊನೆಗೆ ಉಳಿದ ಒಂದು ಕುಂಬಳಕಾಯಿ ತೆಂಪುರಾ. ನಮ್ಮ ಬಜ್ಜಿಯಂಥದ್ದೇ. ನಾನೂ ನನ್ನ ಹೆಂಡತಿಯೂ ಒಂದೇ ಹೊತ್ತಿಗೆ ಅದಕ್ಕೆ ಊಟದ ಕಡ್ಡಿ ಹಾಕಿದೆವು. ಎರಡು ಜೊತೆ ಕಡ್ಡಿಗಳ ನಡುವೆ ಅದು ಗಾಳಿಯಲ್ಲಿ ನಿಂತಿತು. ಪಕ್ಕದ ಮೇಜಿನ ಅಜ್ಜಿ ಮುಖ ತಿರುಗಿಸಿದರು. ಇಲ್ಲಿ ಊಟದಲ್ಲಿ ಹಾಗೆ ಮಾಡುವುದಿಲ್ಲ. ಇಬ್ಬರು ಸೇರಿ ಕಡ್ಡಿಯಲ್ಲಿ ಎತ್ತುವುದು ಸತ್ತವರ ಮೂಳೆಯನ್ನು ಮಾತ್ರ.

"ಬಿಡ್ರೀ, ನೀವೇ ತಿನ್ನಿ," ಎಂದಳು ಹೆಂಡತಿ. ನನಗೆ ತಿನ್ನಲಾಗಲಿಲ್ಲ...

ಮಿನಾಟೋದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವರನ್ನು ನಾನು ಮೇಷ್ಟ್ರು ಎನ್ನುತ್ತಿದ್ದೆ. ಯೆಹೂದಿ. ಜಪಾನಿಗೆ ಬಂದು ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರು, ಒಂಟಿ. ಶನಿವಾರ ಅವರಿಗೆ ಸಬ್ಬತ್, ಕೆಲಸ ಬಿಟ್ಟಿರುವ ದಿನ. ಯಾವ ಸ್ವಿಚ್ಚನ್ನೂ ಒತ್ತುವಂತಿಲ್ಲ. ಲಿಫ್ಟಿನ ಮುಂದೆ ಸುಮ್ಮನೆ ನಿಂತಿರುತ್ತಿದ್ದರು, ಯಾರಾದರೂ ಬರುವವರೆಗೆ. ಒತ್ತಿ ಎಂದು ಕೇಳುತ್ತಲೂ ಇರಲಿಲ್ಲ. ನಾನು ನನ್ನ ಮಹಡಿಯ ಗುಂಡಿಯ ಜೊತೆಗೆ ಅವರದ್ದನ್ನೂ ಒತ್ತುತ್ತಿದ್ದೆ. ಹಾಗೆ ಪರಿಚಯವಾಯಿತು.

ಶನಿವಾರ ಮಧ್ಯಾಹ್ನ ಅವರಲ್ಲಿಗೆ ಒಬ್ಬ ಜಪಾನಿ ಪಾದ್ರಿ ಬರುತ್ತಿದ್ದರು. ನಿವೃತ್ತರು, ಹೆಂಡತಿಯನ್ನು ಕಳೆದುಕೊಂಡವರು. ಇಬ್ಬರೂ ಧರ್ಮಗ್ರಂಥ ಬಿಡಿಸಿಕೊಂಡು ಕೂರುತ್ತಿದ್ದರು, ಒಬ್ಬರದ್ದು ಹೀಬ್ರೂ, ಇನ್ನೊಬ್ಬರದ್ದು ಜಪಾನಿ. ಎರಡೂ ಬಲಗಡೆಯಿಂದ ತೆರೆಯುತ್ತಿದ್ದವು. ಪ್ರವಾದಿಗಳ ಅದೇ ಮಾತು ಎರಡರಲ್ಲೂ ಇತ್ತು. ಪರರಿಗಾಗಿ ನರಳುವ ಒಬ್ಬ ಸೇವಕನ ಪ್ರಸ್ತಾಪ ಬಂದರೆ ಪಾದ್ರಿಗಳು ಅದು ಯೇಸು ಎನ್ನುತ್ತಿದ್ದರು. ಅದು ಒಬ್ಬನಲ್ಲ, ನಮ್ಮ ಜನವೆಲ್ಲ ಎಂದು ಮೇಷ್ಟ್ರು ಮೇಜು ತಟ್ಟುತ್ತಿದ್ದರು. ದನಿ ನಮ್ಮ ಮನೆಯವರೆಗೆ ಬರುತ್ತಿತ್ತು.

"ರೀ, ಕೆಳಗಡೆ ನಡೀತಿರೋದು ಪಾಠಾನಾ, ಜಗಳಾನಾ?"

"ಎರಡೂ ಕಣೇ."

ಕೆಲವು ಶನಿವಾರ ನನ್ನನ್ನೂ ಚಹಾಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅವರ ಮಾತು ಜಪಾನಿಯಲ್ಲಿ, ನನಗೆ ಅರ್ಧ ತಿಳಿಯುತ್ತಿತ್ತು. ಈಗ ನೆನಪಾಗುವಾಗ ಎಲ್ಲವೂ ಕನ್ನಡದಲ್ಲೇ ಕೇಳಿಸುತ್ತದೆ...

"ಸತ್ತವರು ಏಳ್ತಾರೆ ಅಂತ ನಾನೂ ನಂಬ್ತೀನಿ ಸೆನ್ಸೆ," ಎನ್ನುತ್ತಿದ್ದರು ಮೇಷ್ಟ್ರು. ಗುರುಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ. "ಆದ್ರೆ ಎಲ್ರೂ ಒಟ್ಟಿಗೆ, ಕೊನೇಲಿ. ಒಬ್ಬ ಆಗ್ಲೇ ಎದ್ದ ಅಂತೀರಿ. ಲೋಕ ಹಾಗೇ ಇದೆಯಲ್ಲ, ಕಿಟಕಿ ಆಚೆ ನೋಡಿ!"

"ಮನೇಲಿ ಒಬ್ರು ಮೊದ್ಲು ಏಳ್ಬೇಕಲ್ಲ, ಅನ್ನಕ್ಕಿಡೋಕೆ," ಎಂದರು ಪಾದ್ರಿಗಳು. "ಯೇಸು ಮೂರನೇ ದಿನ ಎದ್ರು."

ನಾನು ಸುಮ್ಮನಿರಬೇಕಿತ್ತು. "ನಮ್ಮಲ್ಲಿ ಮೂರನೇ ದಿನ ಮೂಳೆ ಆಯ್ದು ನದಿಗೆ ಬಿಡ್ತೀವಿ," ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. "ಆಮೇಲೆ?"

"ಆಮೇಲೇನಿಲ್ಲ. ಸ್ನಾನ ಮಾಡಿ ಮನೆಗೆ ಬರ್ತೀವಿ."

ಅವರಿಬ್ಬರೂ ಒಂದೇ ಪಕ್ಷ ಸೇರಿ ನಕ್ಕದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಆ ದಿನವೇ ಇರಬೇಕು, ಮೇಷ್ಟ್ರು ತಮ್ಮ ಹಿರಿಯರ ಕತೆ ಹೇಳಿದರು. ಕತ್ತಿನ ಹಿಂದೆ ಒಂದು ಸಣ್ಣ ಮೂಳೆ ಇದೆಯಂತೆ. ಬೆಂಕಿಯಲ್ಲಿ ಸುಡುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಕೊನೆಯ ದಿನ ದೇವರು ಅದರಿಂದಲೇ ಮನುಷ್ಯನನ್ನು ಮತ್ತೆ ಕಟ್ಟುತ್ತಾನಂತೆ.

"ನಿಮ್ಮ ಹಿರಿಯರು ಬೆಂಕಿ ಹಚ್ಚಿ ನೋಡಿದ್ರಾ?" ಎಂದು ಪಾದ್ರಿಗಳು ಕೆಣಕಿದರು.

"ಸುತ್ತಿಗೇಲಿ ಹೊಡೆದೂ ನೋಡಿದ್ರು. ಸುತ್ತಿಗೆ ಒಡೀತು."

ಮರುವರ್ಷ ಪಾದ್ರಿಗಳಿಗೆ ಹೊಟ್ಟೆಯ ಕಾಯಿಲೆ ಬಂತು. ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ ವಾರ ನಾನೂ ಮೇಷ್ಟ್ರ ಮನೆಯಲ್ಲಿದ್ದೆ. ಮೇಷ್ಟ್ರು ಅವರ ಕೈ ಹಿಡಿದು, ದಯವಿಟ್ಟು ಮಣ್ಣು ಮಾಡಿಸಿಕೊಳ್ಳಿ, ವಿದೇಶಿಯರ ಸ್ಮಶಾನದಲ್ಲಿ ನಾನು ವಿಚಾರಿಸುತ್ತೇನೆ ಎಂದರು. ಪಾದ್ರಿಗಳು ಬೇಡವೆಂದು ತಲೆಯಾಡಿಸಿದರು.

"ನನ್ನವಳು ಬೂದಿಯಾಗಿ ಚರ್ಚಿನ ಸಮಾಧೀಲಿ ಕಾಯ್ತಿದಾಳೆ. ಮಣ್ಣಿಂದ ಮಾಡಿದವನಿಗೆ ಬೂದಿಯಿಂದ ಮಾಡೋದು ಕಷ್ಟಾನಾ?"

ಮೇಷ್ಟ್ರು ಪುಸ್ತಕ ಮುಚ್ಚಿದರು. "ಯುರೋಪಿನಲ್ಲಿ ನನ್ನ ತಾಯಿ ಕಡೆಯವರನ್ನೆಲ್ಲ ಸುಟ್ರು. ಅವರನ್ನ ಯಾರೂ ಕೇಳ್ಲಿಲ್ಲ. ನೀವು ಕೇಳಿಕೊಂಡು ಹೋಗ್ತಿದೀರಿ. ಬೆಂಕಿ ಹತ್ರ ನಾನು ಬರಲ್ಲ."

"ಬರಬೇಡಿ. ಕೋಪ ಮಾತ್ರ ಇಟ್ಕೋಬೇಡಿ."

ಪಾದ್ರಿಗಳು ಆಸ್ಪತ್ರೆ ಸೇರಿದರು. ಮೇಷ್ಟ್ರು ಹೋಗಿ ನೋಡಲಿಲ್ಲ. ಇವತ್ತು, ನಾಳೆ ಎನ್ನುತ್ತಾ... ಅಷ್ಟರಲ್ಲಿ ಮುಗಿದುಹೋಯಿತು.

ಆ ಮಂಗಳವಾರ ಚರ್ಚಿನವರು ಪ್ರಾರ್ಥನೆ ಮುಗಿಸಿ ಹೊರಟಿದ್ದರು. ಮೂಳೆ ಆಯಲು ಉಳಿದದ್ದು ಪಾದ್ರಿಗಳ ಒಬ್ಬಳೇ ಮಗಳು. ಒಂದೊಂದು ಮೂಳೆಗೂ ಇಬ್ಬರು ಬೇಕು. "ಸುಮಿಮಾಸೆನ್, ಕ್ಷಮಿಸಿ, ನೀವು ಜೊತೆಗೆ ನಿಲ್ತೀರಾ?" ಎಂದು ನನ್ನನ್ನು ಕೇಳಿದಳು. ಮೇಷ್ಟ್ರು ಬಂದಿದ್ದರು, ಆದರೆ ಬಾಗಿಲಿನ ಆಚೆಗೇ ನಿಂತಿದ್ದರು, ಕೋಟು ತೊಟ್ಟು, ಗೋಡೆಯ ಕಡೆ ಮುಖ ಮಾಡಿ. ತೆರೆದ ಬಾಗಿಲಿನಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು.

ಪಾದದಿಂದ ಶುರು ಮಾಡಿ ತಲೆಯ ಕಡೆಗೆ ಆಯ್ದೆವು. ಸತ್ತವರು ಮೂಳೆ ತುಂಬುವ ಮಡಕೆಯೊಳಗೆ ನೆಟ್ಟಗೆ ಕೂರಲಿ ಎಂದು ಹಾಗೆ ಮಾಡುತ್ತಾರಂತೆ. ನನ್ನ ಅಪ್ಪನ ಮೂಳೆಯನ್ನು ನಾನು ಊರಲ್ಲಿ ಬರಿಗೈಯಲ್ಲಿ ಆಯ್ದವನು. ಇಲ್ಲಿ ಕಡ್ಡಿ ಹಿಡಿದೆ. ಕೊನೆಗೆ ಬಿಳಿ ಕೈಗವಸಿನ ಸಿಬ್ಬಂದಿ ಒಂದನ್ನು ಬೇರೆಯಾಗಿ ಮುಂದಿಟ್ಟ.

"ಇದು ಕತ್ತಿನ ಎರಡನೇ ಮೂಳೆ. ಪೂರ್ತಿ ಉಳಿದಿದೆ. ಕೂತ ಬುದ್ಧನ ಹಾಗೆ ಕಾಣುತ್ತೆ ಅಂತ..." ಅಷ್ಟರಲ್ಲಿ ಮಡಕೆಯ ಬಟ್ಟೆಯ ಮೇಲಿನ ಶಿಲುಬೆ ಕಂಡು ಅವನು ಬಾಗಿದ. "ಸುಮಿಮಾಸೆನ್."

"ಎಲ್ಲಿಯ ಮೂಳೆ?"

ಬಾಗಿಲಿನಲ್ಲಿ ಮೇಷ್ಟ್ರು ಈ ಕಡೆಗೆ ತಿರುಗಿದ್ದರು. ಸಿಬ್ಬಂದಿ ತನ್ನ ಕತ್ತಿನ ಹಿಂಭಾಗವನ್ನು ಮುಟ್ಟಿ ತೋರಿಸಿದ.

ಅವರು ಒಳಗೆ ಬಂದರು. ಬಾಗಿಲಿನಿಂದ ತಟ್ಟೆಗೆ ಏಳು ಹೆಜ್ಜೆ. ಕೋಣೆ ಇನ್ನೂ ಬೆಚ್ಚಗಿತ್ತು, ಅವರ ಮುಖ ಸುಣ್ಣದಂತಿತ್ತು. ನನ್ನ ಮುಂದೆ ಕೈ ಚಾಚಿದರು. ಕಡ್ಡಿ ಕೊಟ್ಟು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಗಳು ಒಂದು ಕಡೆಯಿಂದ, ಅವರು ಇನ್ನೊಂದು ಕಡೆಯಿಂದ ಆ ಮೂಳೆಯನ್ನು ಎತ್ತಿದರು. ಅದು ಬೀಳಲಿಲ್ಲ. ಮಡಕೆಯೊಳಗೆ ಇಟ್ಟ ಮೇಲೆ ಮೇಷ್ಟ್ರು ಬಗ್ಗಿ, ಯಾರೋ ನಿದ್ದೆಯಲ್ಲಿರುವವರಿಗೆ ಹೇಳುವಂತೆ, "ನೋಡಿದ್ರಾ ಸೆನ್ಸೆ. ನಾನು ಹೇಳಿರ್ಲಿಲ್ವಾ," ಎಂದರು.

ಮಗಳು ಅಳುತ್ತಲೇ ನಕ್ಕಳು. "ಅಪ್ಪ ಒಪ್ಪಲ್ಲ."

"ಗೊತ್ತಮ್ಮ. ಒಪ್ಪಬಾರದು."

ಸತ್ಯವಾಗಿ ಹೇಳಬೇಕಾದ ಇನ್ನೆರಡು ಮಾತಿವೆ. ಹೊರಡುವಾಗ ಸಿಬ್ಬಂದಿಯನ್ನು ಕೇಳಿದೆ. ಆ ಮೂಳೆ ಎಷ್ಟೋ ಜನರಲ್ಲಿ ಹಾಗೇ ಉಳಿಯುತ್ತದೆ ಎಂದ. ಮರಳುವಾಗ ರೈಲಿನಲ್ಲಿ ಮೇಷ್ಟ್ರೇ ಒಪ್ಪಿಕೊಂಡರು, ಕತೆಯ ಆ ಸುಡದ ಮೂಳೆ ಇರುವುದು ಕತ್ತಿನಲ್ಲೋ ಬೆನ್ನಿನ ತುದಿಯಲ್ಲೋ ಎಂದು ಅವರ ಹಿರಿಯರಲ್ಲೇ ಒಮ್ಮತವಿರಲಿಲ್ಲವಂತೆ. ಆಮೇಲೆ ಕಿಟಕಿಯ ಕಡೆ ತಿರುಗಿದರು. ಆಸ್ಪತ್ರೆಗೆ ಹೋಗಬೇಕಿತ್ತು, ಹೋಗಬೇಕಿತ್ತು ಎಂದು ಎರಡು ಸಲ ಅಂದದ್ದು ಕೇಳಿಸಿತು.

ಹೋದ ಚಳಿಗಾಲ ಮೇಷ್ಟ್ರೂ ತೀರಿಕೊಂಡರು. ಅವರನ್ನು ಮಣ್ಣು ಮಾಡಿದೆವು. ನಾನೂ ಮೂರು ಸಲಿಕೆ ಮಣ್ಣು ಹಾಕಿದೆ. ಸತ್ತವರಲ್ಲಿ ಯಾರು ಎದ್ದರು, ಯಾರು ಯಾವಾಗ ಏಳುತ್ತಾರೆ ಎಂಬುದನ್ನು ನಾನು ಹೇಳಲಾರೆ. ಬರುವುದಿಲ್ಲ ಎಂದವರು ಆ ಬಾಗಿಲನ್ನು ದಾಟಿ ಬಂದದ್ದನ್ನು ಮಾತ್ರ ಹೇಳಬಲ್ಲೆ. ಅದನ್ನು ಕಂಡವರು ನನ್ನನ್ನು ಬಿಟ್ಟು ಇನ್ನಿಬ್ಬರಿದ್ದಾರೆ. ಒಬ್ಬಳು ಪಾದ್ರಿಗಳ ಮಗಳು, ಕಾಶಿವಾದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಇನ್ನೊಬ್ಬ ಆ ಸಿಬ್ಬಂದಿ. ಅವನ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ.