ಎಂಟು ಮೂರು, ಕೊನೆಗೊಂದು ಒಂದು

ಹೊಸನಗರದ ಗಿರಿಧರ ಮೇಷ್ಟ್ರಿಗೆ ಗಣಿತವೆಂದರೆ ಪ್ರಾಣ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ತರಗತಿಯಲ್ಲಿ ಎದುರು ಪ್ರಶ್ನೆ ಕೇಳಿದವರಿಗೆ ಬೆಂಚಿನ ಮೇಲೆ ನಿಲ್ಲುವ ಭಾಗ್ಯ ತಪ್ಪಿದ್ದಲ್ಲ.

ಅವರಿಗೊಂದು ಹುಚ್ಚಿತ್ತು. 31 ಅವಿಭಾಜ್ಯ ಸಂಖ್ಯೆ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. 331 ಕೂಡ ಹಾಗೆಯೇ, 3331 ಕೂಡ. ಮುಂದೆ ಎಷ್ಟು ಮೂರು ಸೇರಿಸಿದರೂ ಅಷ್ಟೇ ಎಂದು ಪ್ರತಿವರ್ಷ ಬೋರ್ಡಿನ ತುಂಬ ಬರೆದು ಬೀಗುತ್ತಿದ್ದರು. ಏಳು ಮೂರುಗಳವರೆಗೆ ಎಲ್ಲೋ ಓದಿದ್ದು ನಿಜ. ಎಂಟು ಮೂರುಗಳ 33,33,33,331 ಮಾತ್ರ ಅವರದೇ ಸೇರ್ಪಡೆ. ಅದನ್ನು ಹದಿಮೂರರವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡಿ, ಸಾಕು ಎಂದು ಪೆನ್ನು ಕೆಳಗಿಟ್ಟಿದ್ದರು. ಮೂವತ್ತಮೂರು ಕೋಟಿ ದೇವತೆಗಳ ಲೆಕ್ಕಕ್ಕೂ ಹತ್ತಿರ ಬಂತಲ್ಲ ಎಂಬ ಖುಷಿ ಬೇರೆ!

ಈ ವರ್ಷ ಶಿವಮೊಗ್ಗದ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನು ಕಳಿಸಬೇಕಿತ್ತು. ಆಯ್ಕೆಯ ಪರೀಕ್ಷೆಯಲ್ಲಿ ಮೇಷ್ಟ್ರು ಅದೇ ಸಂಖ್ಯೆಯನ್ನು ಕೊಟ್ಟು, ಇದು ಅವಿಭಾಜ್ಯವೇ ಎಂದು ಕೇಳಿದರು. ಹುಂಚದ ಕಡೆಯ ಶ್ರೇಯಾ ಅಲ್ಲವೆಂದು ಬರೆದಳು. ಮೇಷ್ಟ್ರು ಅವಳ ಲೆಕ್ಕದ ಮೇಲೆ ಕಣ್ಣೂ ಹಾಯಿಸದೆ ಕೆಂಪು ಗೀಟು ಎಳೆದರು. ಆ ಒಂದೇ ಪ್ರಶ್ನೆಯಿಂದ ಅವಳು ಹಿಂದೆ ಬಿದ್ದಳು. ಆಯ್ಕೆಯಾದದ್ದು ಅವಳ ಸಹಪಾಠಿ, ಮೇಷ್ಟ್ರ ಸ್ವಂತ ಮಗಳು ಶ್ರೀಗೌರಿ.

ಶ್ರೇಯಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಹದಿನೇಳರಿಂದ ಹೋಗತ್ತೆ. ಒಂದ್ಸಲ ಮಾಡಿ ನೋಡಿ" ಎಂದಳು. ಮೇಷ್ಟ್ರು ಗದರಿ ಕಳಿಸಿದರು.

ಸಂಜೆ ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಆ ಹುಡುಗಿಯ ತಪ್ಪನ್ನು ನಾಳೆ ಎಲ್ಲರೆದುರು ತೋರಿಸಬೇಕೆಂದೇ ಭಾಗಾಕಾರಕ್ಕೆ ಕೂತರು. ಭಾಗಲಬ್ಧ 1,96,07,843. ಶೇಷ ಸೊನ್ನೆ. ಇನ್ನೊಮ್ಮೆ ಮಾಡಿದರು, ಮತ್ತೂ ಸೊನ್ನೆಯೇ. ಇಷ್ಟು ವರ್ಷ ಎಷ್ಟು ಮಕ್ಕಳ ತಲೆಗೆ ಈ ಸುಳ್ಳು ತುಂಬಿದೆನೋ! ಒಪ್ಪಿಕೊಂಡರೆ ಮಗಳ ಅವಕಾಶ ಹೋಗುತ್ತದೆ, ಒಪ್ಪದಿದ್ದರೆ ಶ್ರೇಯಾಳದ್ದು ಕಿತ್ತುಕೊಂಡಂತೆ. ಕಾಫಿ ಮುಂದಿಟ್ಟ ಹೆಂಡತಿ ವಿನಯಾ ಮೈ ಸರಿಯಿಲ್ಲವೇ ಎಂದು ಕೇಳಿದರೆ ಅವರು ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಕೊನೆಗೆ ಹೆಡ್‌ಮಾಸ್ಟರಿಗೆ ಫೋನು ಮಾಡಿ, ತಿದ್ದಿದ್ದು ತಪ್ಪಾಗಿದೆ, ಶ್ರೇಯಾಳೇ ಹೋಗಬೇಕು ಎಂದರು. ಹೇಳಿದ ಮೇಲೆ ಅರ್ಧ ಭಾರ ಇಳಿಯಿತು. ಉಳಿದದ್ದು ಮಗಳು. ಶಿವಮೊಗ್ಗಕ್ಕೆಂದು ಬಟ್ಟೆ ಜೋಡಿಸುತ್ತಿದ್ದವಳ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿ, ಅಳುತ್ತಾಳೇನೋ ಎಂದು ಕಾದರು.

ಅವಳು ಅಳಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಚೀಲದಿಂದ ಹೊರಗೆ ತೆಗೆದಿಟ್ಟಳು.

"ಹದಿನೇಳರಲ್ಲಿ ಭಾಗ ಹೋಗ್ತು ಹೇಳಿ ನಂಗೂ ಗೊತ್ತಿತ್ತು, ಅಪ್ಪಯ್ಯ. ಪೇಪರ್ ತಿದ್ದದು ನೀನಲ್ದಾ? ಅದಕ್ಕೇ ನಾನು ಅವಿಭಾಜ್ಯ ಹೇಳಿ ಬರದಿ."

ಹೆಡ್‌ಮಾಸ್ಟರ ಮುಂದೆ ಆಗದಿದ್ದ ನಾಚಿಕೆ ಮೇಷ್ಟ್ರಿಗೆ ಈಗ ಆಯಿತು.